ಬ್ರೇಕ್ ಪೆಟ್ಟಿಗೆಯ ಮೌನವ್ರತ

"ಬ್ರೇಕಣ್ಣಾ, ಓ ಬ್ರೇಕಣ್ಣಾ! ಚಕ್ರ ತಿರುಗ್ತಿದೆಯೋ ನಿಂತಿದೆಯೋ, ಅದನ್ನಾದ್ರೂ ಹೇಳಪ್ಪಾ" ಎಂದು ಕಾರಿನ ಎಂಜಿನ್ ಗೋಗರೆಯಿತು.

ಉತ್ತರ ಬರಲಿಲ್ಲ.

"ಅವನು ಮಾತು ಬಿಟ್ಟು ಎಷ್ಟು ಕಾಲ ಆಯ್ತು" ಎಂದಿತು ಮೀಟರ್ ಬೋರ್ಡು. "ನಾನಂತೂ ಸಂಕ್ರಾಂತಿಯಿಂದ ದೀಪ ಹಚ್ಕೊಂಡೇ ಕೂತಿದೀನಿ. ನೋಡೋರು ಯಾರು?"

ಕಲ್ಲೇಶಪ್ಪ ತಮ್ಮದೇ ಕಾರಿನಿಂದ ದೂರ ಸರಿದು ನಿಂತರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸಿ, ದಲ್ಲಾಳಿಗಳ ಬಾಯಿಗೆಲ್ಲ ಬೀಗ ಹಾಕಿದ್ದ ಮನುಷ್ಯ ಅವರು. ಈಗ ದೂರದಿಂದಲೇ ಕಾರಿನ ಬಾಯಿ ಎಲ್ಲಿದೆಯೆಂದು ಹುಡುಕಿದರು.

"ಹೆದರಬೇಡಿ ಮಾರಾಯ್ರೇ, ದೆವ್ವ ಅಲ್ಲ" ಎಂದರು ಡಾ. ಸಾಧನಾ ಬಂಗೇರ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಅವರು ಸಿಕ್ಕಿಸಿದ್ದ ಸೋಪಿನ ಬಿಲ್ಲೆಯಷ್ಟು ದೊಡ್ಡ ಯಂತ್ರದ ಹೆಸರು 'ಗಾಡಿಗಂಟಲು'. ಅದನ್ನು ಕಂಡುಹಿಡಿದವರೂ ಅವರೇ. "ಕಾರಿನೊಳಗೆ ಎಂಜಿನ್ನಿಗೊಂದು, ಬ್ರೇಕಿಗೊಂದು, ಮೀಟರಿಗೊಂದು ಅಂತ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗಳು ಉಂಟು. ಹೆಣೆದ ಎರಡು ತಂತಿ ಮೇಲೆ ಅವು ಇಡೀ ದಿನ ಸಂಖ್ಯೆಯಲ್ಲಿ ಮಾತಾಡ್ತವೆ. ಇದು ಆ ಸಂಖ್ಯೆಗಳನ್ನು ಕನ್ನಡ, ನಮ್ಮ ಕನ್ನಡವನ್ನು ಸಂಖ್ಯೆ ಮಾಡ್ತದೆ, ಅಷ್ಟೇ."

"ಇವರಿಗೂ ಒಂದು ಹಾಕ್ಬಿಡಮ್ಮ" ಎಂದರು ಹಿಂದಿನ ಸೀಟಿನಲ್ಲಿ ಕೂತಿದ್ದ ಹಾಲಮ್ಮ, ಗಂಡನತ್ತ ಗದ್ದ ತೋರಿಸಿ.

ಟ್ಯಾಕ್ಸಿಗಳು ಡ್ರೈವರಿಲ್ಲದೆ ಓಡಲು ಶುರುವಾಗಿದ್ದ ಆ ವರ್ಷಗಳಲ್ಲಿ ಶಿರಾಡಿ ಘಾಟಿಯ ತಲೆಯಲ್ಲಿ ಒಂದು ಗೇಟಿತ್ತು. ಗಾಡಿಯ ಬ್ರೇಕ್ ಪೆಟ್ಟಿಗೆ 'ನಾನು ಸರಿಯಾಗಿದ್ದೇನೆ' ಎಂದು ರೇಡಿಯೋದಲ್ಲಿ ವರದಿ ಒಪ್ಪಿಸದಿದ್ದರೆ ಅದರ ಕೋಲು ಮೇಲೇಳುತ್ತಿರಲಿಲ್ಲ. ತಿರಸ್ಕೃತ ಗಾಡಿಗಳು ಧಾರಾಳವಾಗಿ ಸಿಗುವ ಜಾಗವೆಂದೇ ಡಾ. ಸಾಧನಾ ತಮ್ಮ ಪ್ರಯೋಗದ ಶೆಡ್ಡನ್ನು ಅದರ ಪಕ್ಕ ಹಾಕಿದ್ದರು. ಕಲ್ಲೇಶಪ್ಪನವರು ಗೇಟಿನವನೊಂದಿಗೆ ಗಂಟಲು ಹರಿಯುವಷ್ಟು ಜಗಳವಾಡಿ, ಸೋತು ಇಲ್ಲಿಗೆ ಬಂದಿದ್ದರು.

ಮಂಗಳೂರಿನಲ್ಲಿ ಮಗಳು ಹಸುಗೂಸಿನೊಂದಿಗೆ ಕಾಯುತ್ತಿದ್ದಳು. ಮಧ್ಯಾಹ್ನದೊಳಗೆ ಘಾಟಿ ಇಳಿದರೆ ಸಂಜೆ ಗೇಟು ಮುಚ್ಚುವ ಮುಂಚೆ ತಾಯಿ-ಮಗುವನ್ನು ಊರಿಗೆ ಕರೆತರಬಹುದು. ಇಂದು ತಪ್ಪಿದರೆ ನಾಳೆ ಅಮಾವಾಸ್ಯೆ, ಆಮೇಲೆ ಆಷಾಢ; ಬೀಗಿತ್ತಿ ಶ್ರಾವಣದವರೆಗೆ ಹೊಸಿಲು ದಾಟಿಸುವವರಲ್ಲ. ಟ್ಯಾಕ್ಸಿ ಮಾಡೋಣವೆಂದರೆ, "ಡ್ರೈವರೇ ಇಲ್ಲದ ಗಾಡಿಗೆ ಬಾಣಂತಿ ಹತ್ತಿಸ್ಲಾ? ಅಜ್ಜ ಬರಲಿ" ಎಂದು ಆಕೆ ಮೊದಲೇ ಹೇಳಿಬಿಟ್ಟಿದ್ದರು.

"ಮೀಟರ್ ಬೋರ್ಡು ದೀಪ ಹಚ್ಚಿದ್ದೇನೆ ಅಂತದೆ. ಎಲ್ಲಿ ದೀಪ?" ಎಂದು ಡಾ. ಸಾಧನಾ ಬಗ್ಗಿ ನೋಡಿದರು. ಹಳದಿ ದೀಪ ಇರಬೇಕಾದಲ್ಲಿ ಕುಂಕುಮ ಬಣ್ಣದ ಒಂದು ಬೊಟ್ಟಿತ್ತು.

"ಅಯ್ಯೋ, ನನ್ನ ಸ್ಟಿಕ್ಕರ್!" ಎಂದರು ಹಾಲಮ್ಮ.

"ಕಣ್ಣಿಗೆ ಹೊಡೀತಿತ್ತು ಕಣೆ" ಎಂದು ಕಲ್ಲೇಶಪ್ಪ ತೊದಲಿದರು. "ಕಾರು ಓಡ್ತಿತ್ತು, ನಿಲ್ತಿತ್ತು. ಇನ್ನೇನು ಬೇಕು?"

"ನಿಲ್ಲೋದು ಬೇರೆ, ನೆಟ್ಟಗೆ ನಿಲ್ಲೋದು ಬೇರೆ" ಎಂದರು ವಿಜ್ಞಾನಿ. "ಗಾಬರಿಯಲ್ಲಿ ಒತ್ತಿದ್ರೆ ಚಕ್ರ ಕಚ್ಚಿ ಹಿಡಿದು ಜಾರ್ತದೆ. ಆಗ ಸ್ಟಿಯರಿಂಗ್ ಎಷ್ಟು ತಿರುಗಿಸಿದ್ರೂ ಕಾರು ಕೇಳೋದಿಲ್ಲ. ಈ ಪೆಟ್ಟಿಗೆ ಒಂದೇ ಸೆಕೆಂಡಿನಲ್ಲಿ ಹತ್ತಾರು ಸಲ ಬ್ರೇಕ್ ಬಿಟ್ಟು ಹಿಡಿದು ಚಕ್ರ ತಿರುಗೋ ಹಾಗೆ ನೋಡ್ಕೊಳ್ತದೆ."

ಅವರು ಬಾನೆಟ್ ಎತ್ತಿ, ಗಾಡಿಗಂಟಲಿನ ಸೂಜಿಯನ್ನು ಬ್ರೇಕ್ ಪೆಟ್ಟಿಗೆಯ ಬುಡಕ್ಕೇ ಮುಟ್ಟಿಸಿದರು. ಒಡನೆ ಕೂಗಿ ಕೂಗಿ ಸೊರಗಿದಂತಿದ್ದ ದನಿಯೊಂದು ಕೇಳಿತು:

"ಇದೀನಿ, ಇದೀನಿ, ಇದೀನಿ! ನಾಲ್ಕೂ ಚಕ್ರ ನಿಂತಿವೆ! ಯಾರಾದ್ರೂ ಕೇಳಿಸ್ಕೊಳ್ಳಿ!"

"ಕಂಡಿರಾ? ಪೆಟ್ಟಿಗೆ ಸತ್ತಿಲ್ಲ. ದಾರಿ ಮಧ್ಯೆ ತಂತಿ ಸತ್ತಿದೆ." ಬೆರಳಿನಿಂದ ತಂತಿಯ ಕಟ್ಟನ್ನು ಸವರುತ್ತ ಹೋದ ಡಾ. ಸಾಧನಾ ಒಂದು ಕಡೆ ನಿಂತರು. ಅಲ್ಲಿ ಕಬ್ಬಿಣದ ತಂತಿಗೆ ಚುಚ್ಚಿದ ಒಂದು ನಿಂಬೆಹಣ್ಣು, ಕೆಲವು ಹಸಿಮೆಣಸಿನಕಾಯಿ ಬಿಗಿಯಾಗಿ ಕಟ್ಟಿದ್ದವು. "ಇದು ಎಂತ ಮಾರಾಯ್ರೇ?"

"ದೃಷ್ಟಿಗೆ" ಎಂದರು ಕಲ್ಲೇಶಪ್ಪ. "ಮಗಳು ಬಸುರಿ ಅಂತ ಗೊತ್ತಾದಾಗಿಂದ ಪ್ರತಿ ಅಮಾವಾಸ್ಯೆ ಹೊಸದು ಕಟ್ಟಿದೀನಿ. ಹೊರಗೆ ಕಟ್ಟಿದ್ರೆ ಬಿದ್ದೋಗುತ್ತೆ ಅಂತ ಒಳಗೆ, ಗಟ್ಟಿ ಜಾಗ ನೋಡಿ, ಇಕ್ಕಳದಲ್ಲಿ ತಿರುಚಿ ತಿರುಚಿ..."

"ಆ ಗಟ್ಟಿ ಜಾಗವೇ ಈ ಪೆಟ್ಟಿಗೆಗಳ ನಾಲಗೆ." ತಿರುಚಿದ ಕಬ್ಬಿಣ ತಂತಿಯ ಪ್ಲಾಸ್ಟಿಕ್ ಸಿಪ್ಪೆಯೊಳಗೆ ಇಳಿದಿತ್ತು, ಆ ತೂತಿನಲ್ಲಿ ನಿಂಬೆರಸ ತೊಟ್ಟಿಕ್ಕಿ ಜೋಡಿ ತಂತಿಗಳಲ್ಲೊಂದರ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು.

ಮಗುವಿಗೆ ಏನೂ ಆಗದಿರಲೆಂದು ಕಟ್ಟಿದ್ದು, ಮಗು ಕೂರಬೇಕಾದ ಕಾರಿನ ಬ್ರೇಕಿಗೇ ಬಾಯಿ ಕಟ್ಟಿತ್ತು. ಹಾಲಮ್ಮ ಬೈಯುತ್ತಾರೆಂದು ಕಲ್ಲೇಶಪ್ಪ ಕಾದರು. ಆಕೆ, "ಮೆಣಸಿನಕಾಯಿ ಏನೂ ಮಾಡಿಲ್ಲ ಬಿಡಿ" ಎಂದಷ್ಟೇ ಹೇಳಿದರು.

ಡಾ. ಸಾಧನಾ ಕೊಳೆತ ತುಂಡನ್ನು ಕತ್ತರಿಸಿ, ಹೊಸ ತಂತಿ ಬೆಸೆದು, ನೀರು ಹೋಗದಂತೆ ಕೊಳವೆ ತೊಡಿಸಿ, ಜೋಡಿಯೊಂದಿಗೆ ಮತ್ತೆ ಹೆಣೆದರು. ಕೀಲಿ ತಿರುಗಿಸಿದಾಗ ಕಾರಿನೊಳಗೆ ಸಂತೆಯೇ ನೆರೆಯಿತು. ಎಂಜಿನ್, "ಬಂದ್ಯೇನಪ್ಪಾ!" ಎಂದಿತು. ಮೀಟರ್ ಬೋರ್ಡು ದೀಪ ಆರಿಸಿ, "ಇನ್ನು ನಾನು ಸ್ವಲ್ಪ ಕಣ್ಣು ಮುಚ್ತೀನಿ" ಎಂದಿತು. ಅಂಗಳದಲ್ಲಿ ಓಡಿಸಿ ಗಟ್ಟಿಯಾಗಿ ಬ್ರೇಕ್ ತುಳಿದಾಗ ಕಲ್ಲೇಶಪ್ಪನವರ ಪಾದದಡಿ ಪೆಡಲು ಗುಬ್ಬಿಯೆದೆಯಂತೆ ಮಿಡಿಯಿತು. ಗೇಟಿನ ಕೋಲು ಎದ್ದಿತು.

ಬೇಕಿದ್ದರೆ ಇರಲಿ ಎಂದು, ತೊಂದರೆ ಬಂದರಷ್ಟೇ ತಾನಾಗಿ ಬಾಯಿಬಿಡುವಂತೆ ಹೊಂದಿಸಿ, ಗಾಡಿಗಂಟಲನ್ನು ಅವರಿಗೇ ಬಿಟ್ಟುಕೊಟ್ಟಿದ್ದರು ಡಾ. ಸಾಧನಾ. ಸಂಜೆ ಘಾಟಿ ಹತ್ತುವಾಗ ಹಿಂದಿನ ಸೀಟಿನಲ್ಲಿ ಮಗಳು, ಅವಳ ಮಡಿಲಲ್ಲಿ ಮುಷ್ಟಿ ಬಿಗಿದು ಮಲಗಿದ ಕೂಸು. ಕಾರು ಒಂದು ಮಾತೂ ಆಡಲಿಲ್ಲ. ತಿರುವಿನ ಮೇಲೆ ತಿರುವು ಕಳೆದಂತೆ ಕಲ್ಲೇಶಪ್ಪ ಗಾಡಿಗಂಟಲಿನತ್ತ ಮತ್ತೆ ಮತ್ತೆ ಕಿವಿಗೊಟ್ಟರು.

"ಏನೂ ಹೇಳ್ತಾನೇ ಇಲ್ವಲ್ಲೇ ಇದು!"

"ಹೇಳೋಕೆ ಏನೂ ಇಲ್ಲ ಅಂದ್ರೆ ಯಾಕ್ರೀ ಹೇಳುತ್ತೆ? ಮಗು ಮಲಗಿದೆ, ಸುಮ್ನೆ ಓಡಿಸಿ."

ಐದು ತಿಂಗಳು ಬ್ರೇಕ್ ಪೆಟ್ಟಿಗೆ ಕೂಗುತ್ತಿದ್ದಾಗ ಅವರು ನೆಮ್ಮದಿಯಾಗಿದ್ದರು. ಈಗ ಅದು ನೆಮ್ಮದಿಯಾಗಿದೆ, ಅವರಿಗೆ ಜೀವ ನಿಲ್ಲುತ್ತಿಲ್ಲ. ಮುಂದಿನ ತಿರುವಿನಲ್ಲಿ ತಡೆಯಲಾರದೆ, ಮಗು ಏಳದಷ್ಟು ಮೆಲ್ಲಗೆ ಕೇಳಿದರು:

"ಇದೀಯೇನಪ್ಪಾ?"

"ಇದೀನಿ" ಎಂದಿತು ಬ್ರೇಕ್ ಪೆಟ್ಟಿಗೆ, ಅಷ್ಟೇ ಮೆಲ್ಲಗೆ.

ಅರಸೀಕೆರೆ ಮುಟ್ಟುವವರೆಗೆ ಪ್ರತಿ ತಿರುವಿಗೂ ಕೇಳುತ್ತಲೇ ಇದ್ದರು.

ನಾವು ಈಗ ಓಡಿಸುವ ಕಾರುಗಳಲ್ಲಿ ಹೀಗೆ ಕೇಳಿದರೆ ಉತ್ತರ ಬರುವುದಿಲ್ಲ. ಕೀಲಿ ತಿರುಗಿಸಿದಾಗ ಹಳದಿ ದೀಪವೊಂದು ಕ್ಷಣ ಹೊತ್ತಿ ಆರುತ್ತದೆ. 'ಇದೀನಿ' ಎನ್ನಲು ಬ್ರೇಕ್ ಪೆಟ್ಟಿಗೆಗೆ ಇರುವುದು ಅಷ್ಟೇ ಮಾತು. ಅಷ್ಟರಲ್ಲಿ ನಾವು ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿರುತ್ತೇವೆ.