ನನ್ನ ಅಮ್ಮನನ್ನು ಕದ್ದವನು

"ಸುಳ್ಳು."

ಬೊರಾಮ್ ತನ್ನ ಉತ್ತರ ಮುಗಿಸಿ ಉಸಿರು ಎಳೆದುಕೊಳ್ಳುವ ಮೊದಲೇ ಎದುರು ಕೂತಿದ್ದ ಹುಡುಗ ಹಾಗೆಂದುಬಿಟ್ಟ.

ಕಡಲತೀರದ ಊರು ಸೊಕ್ಚೊದಿಂದ ಸಿಯೋಲ್‌ಗೆ ಬಂದು ಅವಳಿಗೆ ಇನ್ನೂ ವಾರ ತುಂಬಿರಲಿಲ್ಲ. ಡಿಗ್ರಿ ಕೈಗೆ ಬಂದಿತ್ತು, ಕೆಲಸ ಬಂದಿರಲಿಲ್ಲ. ಕಾಲು ಚಾಚಿದರೆ ಬಾಗಿಲಿಗೆ ತಾಗುವ, ಗೊಶಿವೊನ್ ಎಂಬ ಅಗ್ಗದ ಕೋಣೆಯೊಂದನ್ನು ಹಿಡಿದು, ಸಿಂಚೊನ್ ಬಡಾವಣೆ ಹತ್ತಿರದ ಈ ಸಂದರ್ಶನ ತಯಾರಿ ಗುಂಪಿಗೆ ಸೇರಿದ್ದಳು. ಎಲ್ಲರೂ ಅವಳಂತೆ ಕೆಲಸ ಹುಡುಕುವವರೇ. ಸಂಜೆ ಒಂದು ಬಾಡಿಗೆ ಕೋಣೆಯಲ್ಲಿ ಸೇರಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿ, ತಪ್ಪು ತಿದ್ದಿ ಹೊರಡುತ್ತಿದ್ದರು.

ಆ ದಿನದ ಪ್ರಶ್ನೆ, 'ನೀವು ಅತಿ ಹೆಚ್ಚು ಗೌರವಿಸುವ ವ್ಯಕ್ತಿ ಯಾರು?' ಬೊರಾಮ್ ಪಾಠಪುಸ್ತಕದಲ್ಲಿ ಓದಿದ್ದ ಹಳೆಯ ರಾಜನೊಬ್ಬನ ಗುಣಗಾನ ಮಾಡಿದ್ದಳು.

"ಸುಳ್ಳು ಅಂದ್ರೆ?" ಅವಳ ಕಿವಿ ಬಿಸಿಯಾಯಿತು.

"ರಾಜನ ಬಗ್ಗೆ ಹೇಳುವಾಗ ನಿಮ್ಮ ಕಣ್ಣು ಗೋಡೆ ಮೇಲಿತ್ತು. ನಿಜವಾಗಿ ಯಾರು?" ಅವನ ದನಿಯಲ್ಲಿ ಅಹಂಕಾರವಿರಲಿಲ್ಲ, ಕುತೂಹಲವಷ್ಟೇ ಇತ್ತು. ಅದೇ ಅವಳನ್ನು ಇನ್ನೂ ರೇಗಿಸಿತು.

ಎಂಥಾ ಮನುಷ್ಯ ಇವನು! ಗುರುತಿಲ್ಲ ಪರಿಚಯವಿಲ್ಲ...

ಅವನ ಹೆಸರು ಇನ್ಹೋ. ಆ ಸಂಜೆ ಬಸ್ ನಿಲ್ದಾಣದ ಪಕ್ಕದ ಅಂಗಡಿಯಿಂದ ಅನ್ನದ ಎರಡು ತ್ರಿಕೋನ ಕಿಂಬಾಪ್ ತಂದು, ಒಂದನ್ನು ಅವಳ ಮುಂದೆ ಹಿಡಿದು, ಒರಟಾಗಿ ಮಾತಾಡಿದ್ದಕ್ಕೆ ಕ್ಷಮೆ ಕೇಳಿದ. ಅವಳು ಬೇಡವೆನ್ನಬೇಕೆಂದೇ ಇದ್ದಳು. ಹಸಿವು ಅವಳ ಮಾತು ಕೇಳಲಿಲ್ಲ.

ತಿನ್ನುತ್ತ ತಿನ್ನುತ್ತ ಅವಳೇ ಹೇಳಿಬಿಟ್ಟಳು. ನಿಜವಾಗಿ ಅವಳು ಗೌರವಿಸುವುದು ಅಮ್ಮನನ್ನು. ಅಮ್ಮ ಸೊಕ್ಚೊ ಸಂತೆಯಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯನ್ನು ಮಾರುವವಳು. ದಿನವಿಡೀ ಅದರ ಹೊಟ್ಟೆ ಸೀಳಿ ತೊಳೆಯುವ ಕೈಯ ವಾಸನೆ ಏನು ಮಾಡಿದರೂ ಹೋಗದು. ಬೊರಾಮ್‌ಳ ಶಾಲೆಯ ಬೀಳ್ಕೊಡುಗೆ ದಿನ ಎಲ್ಲ ತಾಯಂದಿರೂ ಹೂಗುಚ್ಛ ಹಿಡಿದು ಒಳಗೆ ಬಂದರು. ಅವಳ ಅಮ್ಮ ಮಾತ್ರ ವಿನಿಗರ್‌ನಲ್ಲಿ ಕೈ ತಿಕ್ಕಿ ತಿಕ್ಕಿ ಕೆಂಪಗೆ ಮಾಡಿಕೊಂಡು ಬಂದು ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದಳು. ಬೊರಾಮ್ ಓಡಿಹೋಗಿ ಎಳೆದುಕೊಂಡು ಬಂದಳು. ಆದರೂ ಅಂದಿನ ಒಂದು ಫೋಟೋದಲ್ಲೂ ಅಮ್ಮನ ಕೈ ಕಾಣುವುದಿಲ್ಲ. ಎಲ್ಲದರಲ್ಲೂ ಬೆನ್ನ ಹಿಂದೆ ಅಡಗಿಸಿಕೊಂಡಿದ್ದಾಳೆ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈ ಅಪರಿಚಿತನಿಗೆ ಯಾಕೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ.

ಇನ್ಹೋ ಕಣ್ಣು ತುಂಬಿಕೊಂಡು ಕೇಳಿದ. ಆಮೇಲೆ, "ಇದನ್ನೇ ಹೇಳಿ. ಇಷ್ಟೇ ಹೇಳಿ" ಎಂದ. ತನಗೆ ನಾಲ್ಕು ವರ್ಷವಿದ್ದಾಗಲೇ ತಾಯಿ ತೀರಿಕೊಂಡಳೆಂದೂ, ಮುಖವೂ ಸರಿಯಾಗಿ ನೆನಪಿಲ್ಲವೆಂದೂ ಹೇಳಿದ. ಬೊರಾಮ್‌ಳ ಕೋಪ ಎಲ್ಲಿ ಹೋಯಿತೋ ಹೋಯಿತು.

ಆ ಗುಂಪಿಗೊಂದು ಪದ್ಧತಿಯಿತ್ತು. ಇಬ್ಬಿಬ್ಬರು ಜೋಡಿಯಾಗಿ, ಒಬ್ಬರ ಉತ್ತರವನ್ನು ಇನ್ನೊಬ್ಬರು ಬಾಯಿಪಾಠ ಮಾಡಿ ಹೇಳಬೇಕು. ತನ್ನ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದರೆ ಎಲ್ಲಿ ಸಪ್ಪೆ, ಎಲ್ಲಿ ಅತಿ ಎನ್ನುವುದು ತಾನಾಗಿ ಗೊತ್ತಾಗುತ್ತದೆ ಎಂದು ಗುಂಪಿನ ಹಿರಿಯಳಾದ ಮಿರ್ಯಾಂಗ್ ಅಕ್ಕನ ನಂಬಿಕೆ. ಬೊರಾಮ್‌ಗೆ ಜೋಡಿಯಾದವನು ಇನ್ಹೋ.

ಬೇಸಿಗೆ ಕಳೆಯಿತು, ಎಲೆ ಕೆಂಪಾಯಿತು. ಅವನು ಅವಳಾಗಿ ಮಾತಾಡಿದ, ಅವಳು ಅವನಾಗಿ ಮಾತಾಡಿದಳು. 'ನನ್ನ ಅಮ್ಮ ಸ್ಕ್ವಿಡ್ ಮಾರುತ್ತಾಳೆ' ಎಂದು ಅವನು ಹೇಳುವಾಗ ಅವಳಿಗೆ ಎದೆಯೊಳಗೆ ಏನೋ ಮೆಲ್ಲಗೆ ಕದಲುತ್ತಿತ್ತು. ನೀವು ಹೋಗಿ ನೀನು ಬಂತು. ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಕೆಲಸ ಸಿಗಲಿ, ಆಮೇಲೆ... ಎಂದು ಇಬ್ಬರೂ ಒಳಗೊಳಗೇ ಮುಂದೂಡುತ್ತಿದ್ದರು. ಕೆಲಸವಿಲ್ಲದ ಊರಲ್ಲಿ ಪ್ರೀತಿಗೂ ಕಾಯುವ ಸರದಿ!

ಒಂದಾದ ಮೇಲೊಂದು ಕಂಪನಿ ಅವಳನ್ನು ನಯವಾದ ಮಾತಿನಲ್ಲಿ ಹಿಂದಕ್ಕೆ ಕಳಿಸಿತು. ಹೊಸ ವರ್ಷದ ಸೊಲ್ಲಾಲ್ ಹಬ್ಬದೊಳಗೆ ಕೆಲಸ ಸಿಗದಿದ್ದರೆ ಊರಿಗೆ ವಾಪಸ್ ಎಂದು ಅಮ್ಮನಿಗೆ ಮಾತು ಕೊಟ್ಟು ಬಂದಿದ್ದಳು. ಉಳಿದದ್ದು ಒಂದೇ ಅವಕಾಶ, ಒಂದು ದೊಡ್ಡ ಆಹಾರ ಕಂಪನಿ. ಇನ್ಹೋ ಕೂಡ ಅಲ್ಲಿಗೇ ಅರ್ಜಿ ಹಾಕಿದ್ದ.

ಇಬ್ಬರಿಗೂ ಒಂದೇ ದಿನ, ಒಂದೇ ಕೋಣೆ. ಐದು ಕುರ್ಚಿ ಸಾಲಾಗಿ. ಮೊದಲನೆಯದರಲ್ಲಿ ಇನ್ಹೋ, ಪಕ್ಕದಲ್ಲಿ ಬೊರಾಮ್. ಇಬ್ಬರೂ ಗುರುತಿಲ್ಲದವರಂತೆ ಕೂತರು. ಬಾಡಿಗೆಯ ಕಪ್ಪು ಸೂಟಿನೊಳಗೆ ಅವಳ ಬೆನ್ನು ಬೆವೆತಿತ್ತು. ಆದರೂ ಧೈರ್ಯವಿತ್ತು, ಪಕ್ಕದಲ್ಲಿ ಅವನಿದ್ದಾನಲ್ಲ.

"ನೀವು ಅತಿ ಹೆಚ್ಚು ಗೌರವಿಸುವ ವ್ಯಕ್ತಿ?" ಸಂದರ್ಶಕಿ ಮೊದಲ ಕುರ್ಚಿಯಿಂದ ಶುರು ಮಾಡಿದಳು.

ಅವನ ಉತ್ತರ ಬೊರಾಮ್‌ಗೆ ಬಾಯಿಪಾಠವಾಗಿತ್ತು. ಬಸ್ ಓಡಿಸಿ ಒಬ್ಬನೇ ಮಗನನ್ನು ಸಾಕಿದ ಅಪ್ಪ.

"ನನ್ನ ಅಮ್ಮ," ಎಂದ ಇನ್ಹೋ. "ಅವಳು ಸಂತೆಯಲ್ಲಿ ಸ್ಕ್ವಿಡ್ ಮಾರುತ್ತಾಳೆ."

ಬೊರಾಮ್ ತನ್ನ ಕಿವಿಯನ್ನೇ ನಂಬಲಿಲ್ಲ. ಅವನು ನಿಲ್ಲಲಿಲ್ಲ. ಬೀಳ್ಕೊಡುಗೆ ದಿನ ಬಂತು, ವಿನಿಗರ್ ಬಂತು, ರಸ್ತೆಯ ಆಚೆ ಬದಿ ಬಂತು, ಬೆನ್ನ ಹಿಂದೆ ಅಡಗಿದ ಕೈಯೂ ಬಂತು. ಎಲ್ಲಿ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಅವಳೇ ಕಲಿಸಿಕೊಟ್ಟಿದ್ದಳು. ಸಂದರ್ಶಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ನೀವು?" ಈಗ ಬೊರಾಮ್‌ಳ ಸರದಿ.

ರಾಜನ ಹೆಸರೂ ನೆನಪಾಗಲಿಲ್ಲ. "ನನಗೂ... ಅಮ್ಮನೇ..." ಎಂದಷ್ಟೇ ಹೇಳಿ ನಿಂತುಬಿಟ್ಟಳು.

ಸಂದರ್ಶಕಿ ಕನಿಕರದಿಂದ ನಕ್ಕಳು. "ಇವರ ಮಾತು ಕೇಳಿ ನಿಮಗೂ ಅಮ್ಮ ನೆನಪಾದ್ರಾ?"

ಸಾಲಿನಲ್ಲಿದ್ದವರೂ ಮೆಲ್ಲಗೆ ನಕ್ಕರು. ಬೊರಾಮ್ ತನ್ನ ಕೈಗಳನ್ನು ನೋಡುತ್ತ ಕೂತಳು. ಆಮೇಲೆ ಏನು ಕೇಳಿದರು, ಏನು ಹೇಳಿದಳು, ಒಂದೂ ಅವಳ ಮನಸ್ಸಿನಲ್ಲಿ ಉಳಿಯಲಿಲ್ಲ.

ಲಿಫ್ಟಿನ ಹತ್ತಿರ ಅವನು ಬಿಳಿಚಿದ ಮುಖ ಹೊತ್ತು ಬಂದ. ಅವಳು ಅವನನ್ನು ಮಾತಾಡಲು ಬಿಡಲಿಲ್ಲ.

"ನಿನಗೆ ಅಮ್ಮ ಇಲ್ಲ, ಇನ್ಹೋ," ಎಂದಳು. ಇಷ್ಟು ಕ್ರೂರವಾದ ಮಾತು ತನ್ನ ಬಾಯಲ್ಲಿ ಬರಬಹುದೆಂದು ಅವಳಿಗೆ ಗೊತ್ತಿರಲಿಲ್ಲ. "ನನಗಿರೋಳನ್ನ ಯಾಕೆ ತಗೊಂಡೆ?"

ಲಿಫ್ಟು ಬಂತು, ಅವಳು ಒಬ್ಬಳೇ ಇಳಿದುಹೋದಳು.

ಫಲಿತಾಂಶ ಬಂದಾಗ ಅವಳಿಗೆ ಅದೇ ನಯವಾದ ನಿರಾಕರಣೆ. ಗುಂಪಿನ ಚಾಟ್‌ನಲ್ಲಿ ಮಿರ್ಯಾಂಗ್ ಅಕ್ಕ ಇನ್ಹೋನಿಗೆ ಅಭಿನಂದನೆ ಹಾಕಿದ್ದಳು. ಅವನು ಮೊದಲ ಸುತ್ತು ಗೆದ್ದು ನಿರ್ದೇಶಕರ ಕೊನೆಯ ಸುತ್ತಿಗೆ ಹೋಗಿದ್ದ. ಬೊರಾಮ್ ಫೋನನ್ನು ನೋಡುತ್ತ ಕೂತಳು. ಈಗ ಒಂದು ಮಾತು ಬರೆಯುತ್ತಾನೆ, ಈಗ ಬರೆಯುತ್ತಾನೆ... ಅವನು ಬರೆಯಲಿಲ್ಲ.

ಅಂದರೆ ಎಲ್ಲವೂ ಇದಕ್ಕೇನಾ? ಕಿಂಬಾಪ್, ಬಸ್ ನಿಲ್ದಾಣದವರೆಗಿನ ನಡಿಗೆ, ನಾನು ಹೇಳುವಾಗ ಹಾಗೆ ಕಣ್ಣು ತುಂಬಿಕೊಂಡು ಕೇಳಿದ್ದು... ಎಲ್ಲ ನನ್ನ ಕಥೆಗೆ ಹಾಕಿದ ಗಾಳವಾ?

ಕೆಲಸ ಕೈತಪ್ಪಿದ್ದಕ್ಕೆ ಅವಳು ಅಳಲಿಲ್ಲ. ಅವನು ಹೇಳಿದ್ದನ್ನು ಕೇಳಿ ಒಬ್ಬಳು ಅಪರಿಚಿತೆ ಕಣ್ಣೊರೆಸಿಕೊಂಡಳಲ್ಲ, ಅದನ್ನು ನೆನೆದು ಅತ್ತಳು. ಇನ್ನು ಆ ಕಥೆಯನ್ನು ಅವಳು ಯಾರಿಗೂ ಹೇಳಲಾರಳು. ಹೇಳಿದರೆ ಅವನ ದನಿಯೇ ಕೇಳಿಸುತ್ತದೆ. ನಂಬರನ್ನು ಅಳಿಸಿ, ಗುಂಪಿನಿಂದ ಹೊರಬಂದು, ಗೊಶಿವೊನ್ ಕೋಣೆ ಖಾಲಿ ಮಾಡಿ ಸೊಕ್ಚೊ ಬಸ್ಸು ಹತ್ತಿದಳು.

ಅಮ್ಮ ಏನೂ ಕೇಳಲಿಲ್ಲ. ಉಂಡೆಯಾ ಎಂದಳು, ಇಲ್ಲವೆಂದಾಗ ಬಿಸಿ ಸಾರು ಬಡಿಸಿದಳು. ಮರುದಿನ ಬೊರಾಮ್ ತಾನೂ ರಬ್ಬರ್ ಏಪ್ರನ್ ಕಟ್ಟಿಕೊಂಡು ಅಂಗಡಿಗೆ ಇಳಿದಳು. ಹಬ್ಬದ ಸಂತೆ ಜೋರಾಗಿತ್ತು, ಕೈಗೆ ಬಿಡುವಿರಲಿಲ್ಲ. ಮನಸ್ಸಿಗೆ ಮಾತ್ರ ಬೇಕಾದಷ್ಟು ಬಿಡುವಿತ್ತು, ಅದು ಸುಮ್ಮನಿರದೆ ಲಿಫ್ಟಿನ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು.

ಹಬ್ಬಕ್ಕೆ ಸ್ವಲ್ಪ ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಯಾರೋ ಬಂದು ನಿಂತರು. ಬೊರಾಮ್ ತಲೆಯೆತ್ತಿದಳು. ಇನ್ಹೋ! ಸೊರಗಿಹೋಗಿದ್ದ. ಅವಳ ಕೈಯಿಂದ ಸ್ಕ್ವಿಡ್ ಜಾರಿ ಬಕೆಟ್ಟಿಗೆ ಬಿತ್ತು.

ಅವನು ಅವಳತ್ತ ನೋಡಲಿಲ್ಲ. ನೇರ ಅಮ್ಮನ ಮುಂದೆ ಸೊಂಟ ಬಗ್ಗಿಸಿ ನಿಂತ.

"ಅಮ್ಮಾ, ನಾನು ನಿಮ್ಮನ್ನ ಕದ್ದೆ," ಎಂದ.

ಅಮ್ಮ ಚಾಕು ಕೆಳಗಿಟ್ಟಳು. ಬಗ್ಗಿಸಿದ ತಲೆ ಎತ್ತದೆಯೇ ಅವನು ನಡೆದದ್ದನ್ನೆಲ್ಲ ಹೇಳಿದ. ಪಕ್ಕದ ಅಂಗಡಿಯ ಹೆಂಗಸು ಒಣಮೀನು ಜೋಡಿಸುವುದನ್ನು ಬಿಟ್ಟು ಕಿವಿಗೊಟ್ಟಳು. ಬೊರಾಮ್ ಎಲ್ಲಿಗಾದರೂ ಓಡಿಹೋಗಬೇಕೆಂದುಕೊಂಡಳು, ಹೋಗಲಿಲ್ಲ.

"ಕೆಲಸ ಸಿಕ್ಕಿತಲ್ಲ, ಸಂಭ್ರಮ ಹಂಚೋಕೆ ಬಂದ್ಯಾ?" ಎಂದಳು ಕೊನೆಗೆ.

"ಸಿಗಲಿಲ್ಲ." ಈಗ ಅವನು ಅವಳತ್ತ ತಿರುಗಿದ. "ಕೊನೆ ಸುತ್ತಲ್ಲಿ ನಿರ್ದೇಶಕರು ಮೊದಲು ಕೇಳಿದ್ದೇ ಅಮ್ಮ ಹೇಗಿದ್ದಾರೆ ಅಂತ. ಚೆನ್ನಾಗಿದ್ದಾರೆ ಅನ್ನೋಕೆ ಹೋದೆ... ಆಗಲಿಲ್ಲ. ನನ್ನಮ್ಮ ಸತ್ತು ಎಷ್ಟೋ ವರ್ಷ ಆಯ್ತು, ಅವರು ನನ್ನ ಪಕ್ಕ ಕೂತಿದ್ದ ಹುಡುಗಿಯ ಅಮ್ಮ ಅಂದೆ. ಅಲ್ಲಿಗೆ ಮುಗೀತು."

ಬೊರಾಮ್ ಅಷ್ಟಕ್ಕೇ ಬಿಡಲಿಲ್ಲ. ಅವಳಿಗೆ ಬೇಕಾಗಿದ್ದುದು ಅದಲ್ಲ.

"ಆ ದಿನ ಹೇಳಲಿಕ್ಕೆ ಶುರು ಮಾಡಿದಾಗ ನಿನಗೆ ಗೊತ್ತಿತ್ತಾ?"

"ಇಲ್ಲ. ತಲೆ ಖಾಲಿಯಾಗಿತ್ತು. ದಿನಾ ನಿನ್ನದನ್ನೇ ಹೇಳಿ ಹೇಳಿ, ಬಾಯಿಗೆ ಅದೇ ಬಂತು."

"ಯಾವಾಗ ಗೊತ್ತಾಯ್ತು?"

"ವಿನಿಗರ್ ಅನ್ನೋ ಮಾತು ಬಂದಾಗ."

"ಆಮೇಲೆ ಯಾಕೆ ನಿಲ್ಲಿಸಲಿಲ್ಲ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಎಲ್ಲವೂ ಸುಲಭವಾಗುತ್ತಿತ್ತು. ಗಾಬರಿಯಾಯಿತು ಎನ್ನಬಹುದಿತ್ತು, ಬಾಯಿ ಹಿಡಿತಕ್ಕೆ ಸಿಗಲಿಲ್ಲ ಎನ್ನಬಹುದಿತ್ತು. ಬೊರಾಮ್ ಅವನ ಕಣ್ಣನ್ನೇ ನೋಡುತ್ತಿದ್ದಳು.

"ಆ ಸಂದರ್ಶಕಿ ಮುಖ ಅರಳಿತ್ತು," ಎಂದ ಇನ್ಹೋ. "ನನಗೆ ಕೆಲಸ ಬೇಕಿತ್ತು. ಬೇಕಂತಲೇ ಮುಂದುವರಿಸಿದೆ. ಆಮೇಲೆ ನಾಚಿಕೆಯಾಗಿ ನಿನಗೆ ಒಂದು ಮಾತೂ ಬರೆಯಲಿಲ್ಲ. ನನ್ನ ಬಗ್ಗೆ ನೀನು ಏನೇನು ಅಂದ್ಕೊಂಡಿದ್ದೀಯೋ ಅದರಲ್ಲಿ ಅರ್ಧ ನಿಜ."

"ಉಳಿದರ್ಧ?"

"ನಿನ್ನ ಕಥೆಗೋಸ್ಕರ ನಿನ್ನ ಜೊತೆ ಇದ್ದೆ ಅಂದ್ಕೊಂಡಿದ್ರೆ, ಅದು ಸುಳ್ಳು."

ನೋವು ಹಾಗೇ ಇತ್ತು. ಆದರೆ ಇಷ್ಟು ದಿನ ಅವಳನ್ನು ಕೊರೆಯುತ್ತಿದ್ದ ಪ್ರಶ್ನೆಗೆ ಇವನು ತನಗೇ ಕೆಟ್ಟದಾಗುವ ಉತ್ತರ ಕೊಟ್ಟಿದ್ದ. ಹಾಗೆ ಕೊಟ್ಟವನ ಇನ್ನೊಂದು ಮಾತನ್ನು ನಂಬದಿರಲು ಅವಳಿಂದಾಗಲಿಲ್ಲ. ತಡೆದಿಟ್ಟ ಅಳು ಅಲ್ಲೇ, ಸಂತೆಯ ನಡುವೆಯೇ ಬಂದುಬಿಟ್ಟಿತು.

ಇಬ್ಬರನ್ನೂ ನೋಡಿ ನೋಡಿ ಅಮ್ಮನಿಗೆ ಸಾಕಾಯಿತು.

"ಅಂದ್ರೆ ನನ್ನ ಹೆಸರು ಹೇಳಿ ಇಬ್ಬರೂ ಫೇಲಾದ್ರಿ ಅನ್ನಿ," ಎಂದಳು. "ಒಳ್ಳೇ ಕೈಗುಣ ನನ್ನದು."

ಒಣಮೀನಿನ ಹೆಂಗಸು ಕಿಸಕ್ಕನೆ ನಕ್ಕಳು. ಅಮ್ಮ ಮಾತ್ರ ನಗಲಿಲ್ಲ. ತನ್ನ ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು, ಸ್ವಲ್ಪ ಹಿಂಜರಿದು, ಇನ್ಹೋನ ತಣ್ಣಗಾದ ಕೆನ್ನೆಯ ಮೇಲಿಟ್ಟಳು. ಅವನು ಕಣ್ಣು ಮುಚ್ಚಿಕೊಂಡ. ಹಸಿದಿದ್ದೀಯಾ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಸಾರು ಬಿಸಿ ಮಾಡುತ್ತೇನೆಂದು ಅವಳು ಒಳಗೆ ಹೋದಳು.

ಬೊರಾಮ್ ಮೂಗೊರೆಸಿಕೊಂಡಳು. ಹಬ್ಬ ಮುಗಿದ ಮೇಲೆ ತಾನು ಮತ್ತೆ ಸಿಯೋಲ್‌ಗೆ ಹೋಗುವುದಾಗಿಯೂ, ಇನ್ನು ಮುಂದೆ ಇಬ್ಬರೂ ಒಂದೇ ಕಂಪನಿಗೆ ಅರ್ಜಿ ಹಾಕಕೂಡದೆಂದೂ ಹೇಳಿದಳು. ಅವನು ಒಪ್ಪಿದ. ಇನ್ನೂ ಕ್ಷಮಿಸಿಲ್ಲ ಎಂದಳು. ಅದಕ್ಕೂ ಒಪ್ಪಿದ.

"ಬೊರಾಮ್..." ಅವನು ಹತ್ತಿರ ಬಂದ. "ನಾನು... ನಿನ್ನನ್ನ... ತುಂಬಾ ದಿನದಿಂದ... ಅಂದ್ರೆ ಮೊದಲ ದಿನದಿಂದಲೇ... ನನಗೆ ನೀನಂದ್ರೆ..."

ಸಂದರ್ಶನಗಳಲ್ಲಿ ಪಟಪಟನೆ ಮಾತಾಡುವ ಹುಡುಗ ಬೆವರುತ್ತ ನಿಂತಿದ್ದ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಇದಾದ್ರೂ ನಿನ್ನ ಸ್ವಂತ ಮಾತಾ?"

"ನನ್ನದೇ," ಎಂದ ಇನ್ಹೋ. "ಅದಕ್ಕೇ ಸರಿಯಾಗಿ ಬರ್ತಾ ಇಲ್ಲ."

"ಪರವಾಗಿಲ್ಲ," ಎಂದಳು ಬೊರಾಮ್. "ನಿಧಾನಕ್ಕೆ ಹೇಳು. ಕೇಳ್ತೀನಿ."