ಬಿಡುವಿನ ವಾರದ ಮಾತ್ರೆ

ಸಮರ್ಥ ಗಾಜಿನ ಕೊಳವೆಯೊಳಗೆ ಕೆಮ್ಮಿದ. ಕವಲುಗಣಕವೆಂಬ ಯಂತ್ರ ಆ ಕೆಮ್ಮನ್ನು ಒಳಗೆಳೆದುಕೊಂಡು ಗುರುಗುಟ್ಟಿತು. ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವನ ಎದೆಯೊಳಗಿನ ಕ್ಷಯದ ಸೂಕ್ಷ್ಮಾಣುಗಳ ವಂಶವೃಕ್ಷ ಪರದೆಯ ಮೇಲೆ ಮೂಡಿತು. ಹೋದ ಸಲ ಆ ಮರಕ್ಕೆ ಹತ್ತಾರು ಕವಲುಗಳಿದ್ದವು. ಈ ಸಲ ಒಂದೇ ಒಂದು, ತೋಳಿನಷ್ಟು ದಪ್ಪ. ಅದರ ಬುಡದಲ್ಲಿ ಯಂತ್ರ ‘ದಾರಿ ಇಲ್ಲ’ ಎಂದು ಬರೆಯಿತು. ಡಾಕ್ಟರ್ ತನುಜಾ ಹೂಗಾರ ಪರದೆಯ ಹತ್ತಿರಕ್ಕೆ ಬಗ್ಗಿದರು.

ತನುಜಾ ವೈದ್ಯೆಯಲ್ಲ, ಗಣಿತದವರು. ಕವಲುಗಣಕ ಅವರದೇ ಕೂಸು. ಇಳಕಲ್ಲಿನಲ್ಲಿ ಕಲ್ಲು ಪಾಲಿಶ್ ಮಾಡುವವರ ಎದೆಗೆ ಧೂಳು ಹೊಕ್ಕು, ಧೂಳಿನ ಹಿಂದೆ ಕ್ಷಯ ಹೊಕ್ಕು, ಯಾವ ಮದ್ದಿಗೂ ಜಗ್ಗದೆ ಕೂತಾಗ ಅವರು ಈ ಯಂತ್ರವನ್ನು ಇಲ್ಲಿನ ಎದೆರೋಗ ಕೇಂದ್ರಕ್ಕೆ ತಂದಿದ್ದರು.

ಅದರ ಲೆಕ್ಕ ಕೇಳಿದರೆ ಸರಳವೇ. ಈ ಸೂಕ್ಷ್ಮಾಣುವಿಗೆ ಗಂಡಿಲ್ಲ, ಹೆಣ್ಣಿಲ್ಲ, ಮದುವೆಯ ರಗಳೆಯೂ ಇಲ್ಲ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮಗಳು ತಾಯಿಯ ಪಡಿಯಚ್ಚು. ಹಾಗೆ ನಕಲಾಗುವಾಗ ಎಲ್ಲೋ ಒಮ್ಮೆ ತಪ್ಪು ನುಸುಳುತ್ತದೆ. ಉತ್ಪರಿವರ್ತನೆ ಎಂದರೆ ಇದೇ. ಆ ತಪ್ಪಿನಿಂದಾಗಿ ಮದ್ದಿಗೆ ಸಾಯದ ಒಂದು ಹುಟ್ಟಿತೆನ್ನಿ, ಮಿಕ್ಕವೆಲ್ಲ ಸತ್ತು ಅದರ ಸಂತಾನವೇ ಎದೆ ತುಂಬುತ್ತದೆ. ಇದು ಆಯ್ಕೆ. ಆದರೆ ಆ ಗಟ್ಟಿಗಿತ್ತಿಗೂ ಒಂದು ಊನವಿದೆ: ಮದ್ದಿಲ್ಲದ ದಿನಗಳಲ್ಲಿ ಅದು ಕುಂಟುತ್ತ ಬೆಳೆಯುತ್ತದೆ, ಮಾಮೂಲಿ ಸೂಕ್ಷ್ಮಾಣುಗಳು ಅದನ್ನು ಮೂಲೆಗೆ ತಳ್ಳುತ್ತವೆ. ಯಾವುದು ಎಷ್ಟಿದೆ, ಎಷ್ಟು ಬೇಗ ಬೆಳೆಯುತ್ತದೆ ಎಂದು ಲೆಕ್ಕ ಹಾಕಿ ಯಾವ ಮದ್ದು ಯಾವಾಗ, ಯಾವಾಗ ಏನೂ ಬೇಡ ಎಂದು ಯಂತ್ರ ಹೇಳುತ್ತಿತ್ತು. ಏನೂ ಬೇಡದ ಆ ದಿನಗಳಿಗೆ ಜನ ಬಿಡುವಿನ ವಾರ ಎಂದು ಹೆಸರಿಟ್ಟಿದ್ದರು. ಸಾಯುತ್ತಾರೆಂದು ಕೈಬಿಟ್ಟವರೆಷ್ಟೋ ಮಂದಿ ಇದರಿಂದ ಎದ್ದು ಓಡಾಡುತ್ತಿದ್ದರು.

ತನುಜಾ ಪರದೆಯನ್ನು ಮತ್ತೆ ಮತ್ತೆ ನೋಡಿದರು. ಗಟ್ಟಿಗಿತ್ತಿಗೆ ಎರಡನೆಯದೊಂದು ತಪ್ಪು ಸೇರಿಕೊಂಡು ಕುಂಟೇ ಮಾಯವಾಗಿತ್ತು. ಎಡೆಬಿಡದೆ ಮದ್ದು ಬಿದ್ದು ಮಾಮೂಲಿ ಸೂಕ್ಷ್ಮಾಣುಗಳೆಲ್ಲ ಸತ್ತರೆ ಮಾತ್ರ ಅದಕ್ಕೆ ಅಷ್ಟು ಪುರುಸೊತ್ತು ಸಿಗುತ್ತಿತ್ತು.

“ಸಮರ್ಥ, ಬಿಡುವಿನ ವಾರದಾಗ ಮಾತ್ರೆ ತಗೊಂಡೀರೇನು?”

ಮೂವತ್ತು ವರ್ಷದ ಆ ಗಂಡಸು ನೆಲ ನೋಡಿದ. “ಹೌದ್ರಿ. ಅವ್ವ ಕೊಡತಿದ್ಲು. ಮಾತ್ರೆ ಪಟ್ಟಿಯಾಗ ಉಳಿದಿರ್ತಿದ್ವಲ್ರಿ.”

“ತಗೋಬಾರದಂತ ನಿಮಗ ಗೊತ್ತಿತ್ತಲ್ಲ!”

“ಗೊತ್ತಿತ್ರಿ. ಬ್ಯಾಡ ಅಂದ್ರ ಊಟ ಬಿಟ್ಟು ಅಳಕೋತ ಕೂಡತಿದ್ಲು. ಒಂದು ಮಾತ್ರೆಲೆ ಏನ್ ಆಗ್ತೈತಿ ಬಿಡು ಅಂತ ನುಂಗಿದೆ.” ಆಮೇಲೆ ಪರದೆಯ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಹೇಳಿದ, “ಮುಗೀತಲ್ರಿ? ಮೇಡಂ, ಅವ್ವಗ ಮಾತ್ರ ಇದನ್ನ ಹೇಳಬ್ಯಾಡ್ರಿ. ಯಂತ್ರ ತಪ್ಪಿತು ಅನ್ರಿ.”

ಆಗಲಿ ಎಂದು ತನುಜಾ ತಲೆಯಾಡಿಸಿದರು. ಇನ್ನೇನು ಮಾಡಿಯಾರು? ಆ ಕ್ಷಣಕ್ಕೆ ತಾವು ಕಟ್ಟಿದ ಯಂತ್ರಕ್ಕೆ ಕೆಟ್ಟ ಹೆಸರು ಬಂದರೂ ಬರಲಿ ಅನ್ನಿಸಿತು.

ಹೊರಗಿನ ಕಟ್ಟೆಯ ಮೇಲೆ ಸಮರ್ಥನ ತಾಯಿ ಮಹಾದೇವಿ ಕೂತಿದ್ದರು. ಅರವತ್ತರ ಹತ್ತಿರದ ಹೆಂಗಸು. ಕ್ಷಯ ಇದ್ದವರ ಮನೆಗೆ ಹೋಗಿ, ಎದುರಿಗೆ ಕೂತು ಮಾತ್ರೆ ನುಂಗಿಸಿ ಬರುವುದೇ ಅವರ ಜೀವಮಾನದ ಕೆಲಸವಾಗಿತ್ತು. ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿ ಹೇಳಿ ಅವರ ಗಂಟಲೇ ಸವೆದಿತ್ತು.

“ಏನಂತೈತ್ರಿ ನಿಮ್ಮ ಯಂತ್ರ?”

“ಯಂತ್ರದ ಲೆಕ್ಕ ತಪ್ಪೈತಿ, ಮಹಾದೇವಕ್ಕ,” ಎಂದರು ತನುಜಾ. “ಇನ್ನ ನಮ್ಮ ಕೈಯಾಗ ಏನೂ ಉಳಿದಿಲ್ಲ.”

ಮಹಾದೇವಿ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಅಳುತ್ತಲೇ ಸಿಟ್ಟಾದರು. “ನನಗ ಮೊದಲ ಗೊತ್ತಿತ್ರಿ! ಮಾತ್ರೆ ಬಿಡು ಅನ್ನೋ ಯಂತ್ರ ಎಲ್ಲಿಂದ ಬಂತು ಹಾಳಾದ್ದು! ನಾ ಅದರ ಮಾತು ಕೇಳಲಿಲ್ಲ, ಒಂದು ದಿನಾನೂ ತಪ್ಪಿಸಲಿಲ್ಲ. ಆದ್ರೂ ಹಿಂಗಾತಲ್ಲ. ಓಣಿಯಾಗ ಇನ್ನೂ ಮೂರು ಮಂದಿ ಅದಾರ, ಅವರಿಗೂ ಹೇಳೀನಿ, ಬಿಡುವಿನ ವಾರ ಗಿಡುವಿನ ವಾರ ಏನಿಲ್ಲ, ಸುಮ್ನ ನುಂಗ್ರಿ ಅಂತ. ಅವರಾದ್ರೂ ಉಳೀಲಿ.”

ಒಳಗೆ ಸಮರ್ಥನಿಗೆ ಕೊಟ್ಟ ಮಾತು ಒಂದು ಕಡೆ, ಓಣಿಯ ಮೂರು ಜೀವ ಇನ್ನೊಂದು ಕಡೆ. ದೇವರೇ, ಈ ಬಾಯಿಂದ ಇದನ್ನು ಹೇಗೆ ಆಡಲಿ? ತನುಜಾ ಮಹಾದೇವಿಯ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ಯಂತ್ರ ತಪ್ಪಿಲ್ಲವೆಂದು ಹೇಳಿದರು. ಕುಂಟುವ ಸೂಕ್ಷ್ಮಾಣುವಿನದೂ, ಅದಕ್ಕೆ ಕಾಲು ಬರಿಸಿದ ಮಾತ್ರೆಯದೂ ಕತೆ ಹೇಳಿದರು.

“ಅಂದ್ರ ನಾ ಇಷ್ಟು ವರ್ಷ ಮಂದಿಗೆ ಹೇಳಿದ್ದೆಲ್ಲ ಸುಳ್ಳೇನ್ರಿ?”

“ಅಲ್ಲ, ಅಕ್ಕ. ಅದು ಖರೇನ ಇತ್ತು. ಆಗಿನ ಮಾತ್ರೆಗೆ ಆಗಿನ ರೋಗ ಪೂರಾ ಸಾಯತಿತ್ತು, ಒಂದು ದಿನಾನೂ ಬಿಡಬಾರದಿತ್ತು. ನಿಮ್ಮ ಮಗನ ಎದಿಯಾಗಿರೋ ರೋಗದ ಮೊದಲನೇ ತಪ್ಪು ಯಾವ ಕಾಲದ್ದು ಅಂತ ಯಂತ್ರ ತೋರಿಸ್ತೈತಿ. ಸಮರ್ಥ ಹುಟ್ಟೋಕಿಂತ ಮೊದಲು, ಎರಡು ಸಾವಿರದ ಇಪ್ಪತ್ತೈದರ ಆಸುಪಾಸು. ಯಾರೋ ಜ್ವರ ಇಳಿದ ಕೂಡಲೆ ಮಾತ್ರೆ ಬಿಟ್ಟಾರ. ಅರ್ಧ ಸತ್ತದ್ದು ಅವರೊಳಗ ಎದ್ದು ಕೂತೈತಿ. ಅವರು ಪೂರಾ ನುಂಗಿದ್ರ ಈ ಯಂತ್ರ ಬೇಕಾಗತಿದ್ದಿಲ್ಲ, ಬಿಡುವಿನ ವಾರಾನೂ ಇರತಿದ್ದಿಲ್ಲ.”

“ಆಗ ನಾ ಹೊಸದಾಗಿ ಕೆಲಸಕ್ಕ ಸೇರಿದ್ದೆ,” ಎಂದರು ಮಹಾದೇವಿ. “ಆರಾಮ ಆಗೈತಿ ಹೋಗವ್ವ ಅಂತ ಎಷ್ಟು ಮಂದಿ ಬೈದು ಕಳಿಸಿದ್ರು. ಯಾರಿರಬೇಕ್ರಿ ಅವರಾಗ?”

“ಅದು ಯಂತ್ರಕ್ಕ ತಿಳಿಯೂದಿಲ್ಲ.”

ಮಹಾದೇವಿ ಎದ್ದರು. ಮಗನಿದ್ದ ಕೋಣೆಯ ಬಾಗಿಲ ತನಕ ಹೋಗಿ ನಿಂತರು, ಒಳಗೆ ಹೋಗಲಾರದೆ ತಿರುಗಿ ಬಂದರು. ಚಪ್ಪಲಿ ಮೆಟ್ಟಿಕೊಂಡು ಬಿಸಿಲಲ್ಲಿ ಓಣಿಯ ಕಡೆ ನಡೆದರು. ತನುಜಾ ಹಿಂದೆಯೇ ಓಡಿದರು.

ಮೊದಲನೆಯ ಮನೆಯ ಹುಡುಗಿಗೆ ಇಪ್ಪತ್ತು ದಾಟಿರಲಿಲ್ಲ. ಅವತ್ತು ಅವಳ ಬಿಡುವಿನ ವಾರ. ಆದರೂ ಮಾತ್ರೆ ಅಂಗೈಯಲ್ಲಿತ್ತು, ನೀರಿನ ಲೋಟ ಇನ್ನೊಂದು ಕೈಯಲ್ಲಿ.

“ಅದನ್ನ ಕೆಳಗಿಡವ್ವ. ಯಂತ್ರ ಹೇಳಿದಂಗ ಮಾಡು,” ಎಂದರು ಮಹಾದೇವಿ.

“ಅಯ್ಯ, ಬಿಡಬಾರದಂತ ನೀವ ಹೇಳಿದ್ರಲ್ರಿ ದೊಡ್ಡವ್ವ?”

“ನಾನ ಹೇಳಿದ್ದೆ.” ಮಹಾದೇವಿ ಹೊಸ್ತಿಲ ಮೇಲೆ ಕುಸಿದು ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, ಅತ್ತು ಒಡೆದ ದನಿಯಲ್ಲಿ ಹೇಳಿದರು, “ಕೇಳಬೇಕಾದಾಗ ನನ್ನ ಮಾತು ಯಾರೂ ಕೇಳಲಿಲ್ಲವ್ವ. ಕೇಳಬಾರದಾಗ ನನ್ನ ಮಗ ಕೇಳಿದ.”