ಬದಲಿಗೆ ಏನೂ ಬೇಡ

“ಆ ಹೊಸ ಕ್ಯಾಚರ್ ಇದಾನಲ್ಲ, ಅವನು ಎಸೆದ ಚೆಂಡು ಎರಡನೇ ಬೇಸ್ ಮುಟ್ಟೋ ಹೊತ್ತಿಗೆ ಓಡಿಬಂದವನು ಅಲ್ಲಿ ಕೂತು ಒಂದು ಕಾಫಿ ಕುಡಿದು ಮುಗಿಸಿರ್ತಾನೆ,” ಎಂದಳು ಆರ್ಲೀನ್, ಕೈಯಲ್ಲಿದ್ದ ಹೊಲಿಗೆಯಿಂದ ತಲೆ ಎತ್ತದೆ.

ಬೂಟು ರಿಪೇರಿ ಅಂಗಡಿಯ ಕಟ್ಟೆಯಾಚೆ ಹರಿದ ಬೇಸ್‌ಬಾಲ್ ಗ್ಲೌಸ್ ಹಿಡಿದು ನಿಂತಿದ್ದವನು ಗಂಟಲು ಸರಿಮಾಡಿಕೊಂಡ. “ಅಷ್ಟು ನಿಧಾನಾನಾ?”

“ನಿನ್ನೆ ರೇಡಿಯೋದಲ್ಲಿ ಕೇಳಿದ್ನಲ್ಲ. ನಾಲ್ಕು ಜನ ಕದ್ದು ಓಡಿದ್ರು. ನಾಲ್ಕೂ ಜನ ಸುಖವಾಗಿ ಮನೆ ಸೇರಿದ್ರು. ಕೊಡಿ ಇಲ್ಲಿ ಗ್ಲೌಸು. ಹೆಸರು?”

“ಗ್ರೇಡಿ ಹಾಲ್‌ಕಂಬ್.”

ಆರ್ಲೀನಳ ಪೆನ್ಸಿಲ್ ‘ಗ್ರೇ’ವರೆಗೆ ಬರೆದು ನಿಂತಿತು. ಕಿಟಕಿ ಪಕ್ಕದ ಬೆಂಚಿನ ಮೇಲೆ ಓಟಿಸ್ ಅಂಕಲ್ ಪತ್ರಿಕೆಯಲ್ಲಿ ಮುಖ ಹುದುಗಿಸಿದ್ದರು. ತಡೆದ ನಗುವಿಗೆ ಪತ್ರಿಕೆ ಗಡಗಡ ನಡುಗುತ್ತಿತ್ತು. ಒಳಗೆ ಬೂಟಿಗೆ ಮೊಳೆ ಹೊಡೆಯುತ್ತಿದ್ದ ಅಪ್ಪ ಕಾಸ್ಪರ್ ಸುತ್ತಿಗೆಯನ್ನೇ ಕೆಳಗಿಟ್ಟ.

ಅವಳು ಕಿವಿಯವರೆಗೆ ಕೆಂಪಾಗಿ ತಲೆ ಎತ್ತಿದಳು. ಬಿಸಿಲಿಗೆ ಕಂದಿದ ಮುಖ, ಒಮ್ಮೆ ಮುರಿದು ಕೂಡಿಕೊಂಡ ಮೂಗು, ನಗುವನ್ನು ತಡೆಹಿಡಿದು ಸೋಲುತ್ತಿದ್ದ ತುಟಿ.

“ಕಾಫಿಗೆ ಸಕ್ಕರೆ ಹಾಕಿಕೊಂಡ್ರಾ ಅಂತ ರೇಡಿಯೋದವರು ಹೇಳಲಿಲ್ವಾ?” ಎಂದು ಅವನು ಕೇಳಿದ.

ಅದು ಸಾವಿರದ ಒಂಬೈನೂರ ಅರವತ್ತಾರರ ಮೇ ತಿಂಗಳು. ಅಯೋವಾ ರಾಜ್ಯದ ಆ ಊರಿಗೆ ಒಂದು ಕಡೆಯಿಂದ ಶಿಕಾಗೋದ ರೈಲು ಬರುತ್ತಿತ್ತು, ಇನ್ನೊಂದು ಕಡೆ ಮಿಸಿಸಿಪ್ಪಿ ನದಿಯ ದೋಣಿಗಳು ಸೇಂಟ್ ಲೂಯಿಸ್‌ಗೆ ಇಳಿದು ಹೋಗುತ್ತಿದ್ದವು. ಹಾಗಾಗಿ ಅರ್ಧ ಊರು ಶಿಕಾಗೋದ ಕಬ್ಸ್ ತಂಡಕ್ಕೆ, ಉಳಿದರ್ಧ ಸೇಂಟ್ ಲೂಯಿಸ್‌ನ ಕಾರ್ಡಿನಲ್ಸ್‌ಗೆ. ಕಾಸ್ಪರ್‌ನದು ಕಬ್ಸ್ ರಕ್ತ. ನದಿಯಲ್ಲಿ ನಲವತ್ತು ವರ್ಷ ಉಗಿದೋಣಿ ನಡೆಸಿ ನಿವೃತ್ತರಾದ ಓಟಿಸ್ ಕಾರ್ಡಿನಲ್ಸ್ ಕಡೆ. ಇಬ್ಬರೂ ಜೀವದ ಗೆಳೆಯರು, ಆದ್ದರಿಂದಲೇ ದಿನವೂ ಜಗಳ.

ಊರಿಗೂ ಒಂದು ಪುಟ್ಟ ತಂಡವಿತ್ತು. ದೊಡ್ಡ ಲೀಗಿಗೆ ಹೋಗಬೇಕೆಂಬ ಹದಿಹರೆಯದ ಹುಡುಗರು ಅಲ್ಲಿ ಆಡುತ್ತಿದ್ದರು. ಅವರಿಗೆ ದಾರಿ ತೋರಿಸಲು ಮೂವತ್ತು ವರ್ಷದ ಗ್ರೇಡಿಯನ್ನು ಕ್ಯಾಚರ್ ಆಗಿ, ಅಂದರೆ ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿದು, ಕದ್ದು ಓಡುವವರನ್ನು ಎಸೆದು ಔಟು ಮಾಡುವ ಕೆಲಸಕ್ಕೆ, ಕರೆತಂದಿದ್ದರು. ಆ ತಂಡದ ಗ್ಲೌಸುಗಳನ್ನು ಹೊಲಿಯುವ ಕೆಲಸ, ಹದಿನೈದು ತುಂಬಿದಾಗಿನಿಂದ, ಆರ್ಲೀನಳದು. ಈಗ ಅವಳಿಗೆ ಇಪ್ಪತ್ತೇಳು.

ಗ್ಲೌಸ್ ಮರುದಿನವೇ ಸಿದ್ಧವಾಯಿತು. ಆದರೆ ಗ್ರೇಡಿ ಬರುವುದನ್ನು ನಿಲ್ಲಿಸಲಿಲ್ಲ. ಒಂದು ದಿನ ಬೂಟಿನ ಹಿಮ್ಮಡಿ ಸವೆದಿತ್ತು. ಇನ್ನೊಂದು ದಿನ ಬೆಲ್ಟಿಗೆ ತೂತು ಬೇಕಿತ್ತು. ಮೂರನೇ ಸಲ ಅವನು ತಂದ ಬೆಲ್ಟಿನಲ್ಲಿ ಅವಳೇ ಹಿಂದಿನ ವಾರ ಹಾಕಿದ ತೂತಿತ್ತು.

“ಇನ್ನೂ ಸಣ್ಣಗಾದ್ರಾ?” ಎಂದಳು.

“ಊರಿನ ಊಟ ಸರಿಯಿಲ್ಲ.”

“ಹಾಗಾದ್ರೆ ಆ ಬೆಂಚಲ್ಲಿ ಕೂತ್ಕೊಳಿ. ಅಪ್ಪ ಸಾಸೇಜು ಬೇಯಿಸ್ತಿದಾನೆ. ತೂತಿಗೆ ಅದೇ ಮದ್ದು.”

ಹೀಗೆ ಬೆಂಚಿನಲ್ಲಿ ಅವನಿಗೊಂದು ಜಾಗವಾಯಿತು. ಅಲ್ಲಿ ಕೂತವನು ಒಂದಲ್ಲ ಒಂದು ಪಕ್ಷ ಹಿಡಿಯಲೇಬೇಕು.

“ಎಲ್ಲ ಕಾಲಕ್ಕೂ ದೊಡ್ಡ ಆಟಗಾರ ಬೇಬ್ ರೂತ್. ಮುಗೀತು,” ಎಂದು ಕಾಸ್ಪರ್ ಮೊಳೆ ಹೊಡೆದಂತೆ ಹೇಳುವನು.

“ಟೈ ಕಾಬ್ ಮುಂದೆ ನಿನ್ನ ರೂತ್ ಬರೀ ಹೊಟ್ಟೆ ಕಣಯ್ಯಾ,” ಎನ್ನುವರು ಓಟಿಸ್.

“ವಿಲ್ಲಿ ಮೇಸ್,” ಎಂದ ಗ್ರೇಡಿ. “ಬ್ಯಾಟು, ಓಟ, ಎಸೆತ, ಹಿಡಿತ. ಯಾವುದರಲ್ಲಿ ಕಡಿಮೆ ಹೇಳಿ?”

“ಜಾಶ್ ಗಿಬ್ಸನ್,” ಎಂದಳು ಆರ್ಲೀನ್.

ಮೂವರೂ ತಿರುಗಿದರು. ಅವಳು ದಾರಕ್ಕೆ ಮೇಣ ಸವರುತ್ತಲೇ ಇದ್ದಳು. “ಅವನೂ ಕ್ಯಾಚರೇ. ಅಪ್ಪ ಒಂದ್ಸಲ ಪಿಟ್ಸ್‌ಬರ್ಗ್‌ನಲ್ಲಿ ಅವನ ಆಟ ನೋಡಿ ಬಂದವನು ಮೂರು ದಿನ ಬೇರೆ ಮಾತೇ ಆಡಲಿಲ್ಲ. ಕಪ್ಪು ಮೈ ಅಂತ ದೊಡ್ಡ ಲೀಗು ಅವನಿಗೆ ಬಾಗಿಲು ತೆಗೀಲಿಲ್ಲ. ಬಾಗಿಲು ತೆಗೆಯೋದಕ್ಕೆ ಮೂರು ತಿಂಗಳು ಇದೆ ಅನ್ನೋವಾಗ ಸತ್ತ. ದೊಡ್ಡವರು ಯಾರು ಅಂತ ನಾವು ಬೆಂಚಲ್ಲಿ ಕೂತು ಹೇಳ್ತೀವಿ. ಆಡೋಕೇ ಬಿಡದವರನ್ನ ಯಾರು ಎಣಿಸಿದಾರೆ?”

ಗ್ರೇಡಿ ಅವಳನ್ನು ನೋಡುತ್ತಲೇ ಇದ್ದ. ಅವಳಿಗೆ ಗೊತ್ತಾಯಿತು, ನೋಡಲಿಲ್ಲ. ನೋಡದೆ ಇರಲು ಪಟ್ಟ ಪ್ರಯತ್ನದಲ್ಲಿ ದಬ್ಬಳ ಬೆರಳಿಗೆ ಚುಚ್ಚಿತು. ಅವನು ಎದ್ದು ಬಂದು ತನ್ನ ಕರ್ಚೀಫನ್ನು ಅವಳ ಬೆರಳಿಗೆ ಸುತ್ತಿದ. ಸುತ್ತಿ ಆಗಿತ್ತು, ಆದರೂ ಕೈ ಬಿಡುವುದು ಒಂದು ಕ್ಷಣ ತಡವಾಯಿತು.

ಆ ಅಂಗಡಿಯಲ್ಲಿ ಒಂದೇ ಒಂದು ಹೆಸರಿಗೆ ನಿಷೇಧವಿತ್ತು. ಎರಡು ವರ್ಷದ ಹಿಂದೆ ಕಬ್ಸ್ ತಂಡ ಲೂ ಬ್ರಾಕ್ ಎಂಬ ಮಿಂಚಿನ ಓಟದ ಹುಡುಗನನ್ನು ಕಾರ್ಡಿನಲ್ಸ್‌ಗೆ ಕೊಟ್ಟು, ಬದಲಿಗೆ ಬ್ರೋಲಿಯೊ ಎಂಬ ಪಿಚರನನ್ನು, ಅಂದರೆ ಚೆಂಡು ಎಸೆಯುವವನನ್ನು, ತಂದುಕೊಂಡಿತ್ತು. ಪಿಚರನ ಮೊಣಕೈ ಕೆಟ್ಟಿತು. ಹುಡುಗ ಅದೇ ವರ್ಷ ಕಾರ್ಡಿನಲ್ಸ್‌ಗೆ ದೇಶದ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ. ಅಂದಿನಿಂದ ಕಾಸ್ಪರ್ ಪಾಲಿಗೆ ಅವನು ‘ಆ ಮನುಷ್ಯ’.

“ಟ್ರೇಡ್ ಅಂದ್ರೆ ಅಷ್ಟೇ, ಅಪ್ಪ,” ಎಂದಳು ಆರ್ಲೀನ್ ಒಂದು ದಿನ. “ಅವರಿಗೆ ಕಾಲು ಬೇಕಿತ್ತು, ನಮಗೆ ತೋಳು ಬೇಕಿತ್ತು. ಅಳೋದ್ಯಾಕೆ?”

“ಅವತ್ತು ಆ ಹುಡುಗ ಮನೆಗೆ ಹೋಗಿ ಏನು ಹೇಳಿರ್ತಾನೆ ಅಂತ ಯೋಚನೆ ಮಾಡಿದೀರಾ?” ಗ್ರೇಡಿ ಮೆಲ್ಲಗೆ ಕೇಳಿದ. “ನನ್ನನ್ನ ಮೂರು ಸಲ ಕೊಟ್ಟಿದಾರೆ. ಮೊದಲನೇ ಸಲ ಒಬ್ಬ ಪಿಚರಿಗೆ. ಎರಡನೇ ಸಲ ಇಬ್ಬರು ಹುಡುಗರಿಗೆ. ಮೂರನೇ ಸಲ ಸೇಬಿನ ಬುಟ್ಟಿಗೆ ಒಂದು ಕೊಸರು ಹಾಕ್ತಾರಲ್ಲ, ಹಾಗೆ. ಮೂರು ಸಲಾನೂ ಬೆಳಗ್ಗೆ ಫೋನು, ಮಧ್ಯಾಹ್ನ ಬಸ್ಸು. ಒಲ್ಲೆ ಅಂದ್ರೆ ಬೇರೆ ಯಾವ ತಂಡದಲ್ಲೂ ಆಡೋ ಹಾಗಿಲ್ಲ. ಕರಾರು ಕಾಗದದಲ್ಲಿ ಹಾಗೇ ಬರೆದಿದೆ.”

ನಗುತ್ತಲೇ ಹೇಳಿದ. ಅವಳಿಗೆ ನಗು ಬರಲಿಲ್ಲ.

ಜುಲೈ ನಾಲ್ಕರಂದು, ದೇಶದ ಸ್ವಾತಂತ್ರ್ಯ ದಿನ, ಅವಳು ಮೈದಾನಕ್ಕೆ ಹೋದಳು. ಹಳದಿ ಉಡುಪು ಯಾಕೆಂದು ಅಪ್ಪ ಕೇಳಿದ್ದಕ್ಕೆ, ಹಬ್ಬ ಅಂದಳು. ಏಳನೇ ಸರದಿಯಲ್ಲಿ ಎದುರಾಳಿ ಒಬ್ಬ ಎರಡನೇ ಬೇಸಿಗೆ ಓಟ ಕಿತ್ತ. ಗ್ರೇಡಿ ಮೊಣಕಾಲಿನಿಂದ ಏಳುತ್ತಲೇ ಬೀಸಿದ ಚೆಂಡು ಗೆರೆ ಎಳೆದಂತೆ ಹೋಯಿತು; ಓಡಿದವನು ದೂಳಿನಲ್ಲಿ ಬಿದ್ದು ಔಟಾದ. ಎರಡು ಸಾವಿರ ಜನ ಎದ್ದು ಕೂಗಿದರು. ಗ್ರೇಡಿ ಮುಖದ ಜಾಲರಿ ಮೇಲೆತ್ತಿ, ಅಷ್ಟೂ ಜನರ ನಡುವೆ ಹಳದಿ ಉಡುಪು ಹುಡುಕಿ, ಕಿರುಬೆರಳೆತ್ತಿ, ಇಲ್ಲದ ಬಟ್ಟಲಿನಿಂದ ಒಂದು ಗುಟುಕು ಕಾಫಿ ಕುಡಿದ.

ಆ ಸಂಜೆ ನದಿಯ ಮೇಲೆ ಪಟಾಕಿ ಸುಡುವಾಗ ಇಬ್ಬರೂ ಪಕ್ಕಪಕ್ಕ ನಿಂತಿದ್ದರು. ಭುಜಕ್ಕೆ ಭುಜ ತಾಗುತ್ತಿತ್ತು. ಮಾತೆಲ್ಲ ವಿಲ್ಲಿ ಮೇಸ್‌ನದೇ. ಬೇರೆ ಮಾತು ಬಾಯಿಯವರೆಗೆ ಬಂದು, ಇಬ್ಬರ ಬಾಯಲ್ಲೂ, ಹಿಂದೆ ಹೋಗುತ್ತಿತ್ತು.

ಆಗಸ್ಟ್ ಹನ್ನೊಂದರ ಬೆಳಿಗ್ಗೆ ಗ್ರೇಡಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಕೈಯಲ್ಲಿ ಗ್ಲೌಸ್, ಅಂಗೈಯ ಹೊಲಿಗೆ ಬಿಟ್ಟುಹೋಗಿತ್ತು.

“ಇವತ್ತೇ ಬೇಕು,” ಎಂದ. “ಒಂದೂ ನಲವತ್ತಕ್ಕೆ ಬಸ್ಸು.”

“ಎಲ್ಲಿಗೆ ಆಟ?”

“ಟಕೋಮಾ, ಪಶ್ಚಿಮ ಕರಾವಳಿಗೆ. ಅಲ್ಲಿನ ಕ್ಯಾಚರಿಗೆ ಬೆರಳು ಮುರಿದಿದೆಯಂತೆ. ಹತ್ತೊಂಬತ್ತು ವರ್ಷದ ಒಬ್ಬ ಹುಡುಗನ್ನ ಇಲ್ಲಿಗೆ ಕೊಟ್ಟು ನನ್ನ ತಗೊಂಡಿದಾರೆ. ಕಬ್ಸ್‌ನವರ ತಂಡ ಅದು. ಅಲ್ಲಿಂದ ಶಿಕಾಗೋಗೆ ಒಂದೇ ಮೆಟ್ಟಿಲು.”

“ಕಬ್ಸ್!” ಕಾಸ್ಪರ್ ಏಪ್ರನ್ ಸಮೇತ ಓಡಿಬಂದ. “ಕೊನೆಗೂ ನಮ್ಮವರಿಗೆ ಬುದ್ಧಿ ಬಂತು! ಇಂಥ ಟ್ರೇಡು ಹತ್ತು ವರ್ಷದಲ್ಲಿ...”

ಮಗಳ ಮುಖ ನೋಡಿದ. ಮಾತು ಅಲ್ಲೇ ನಿಂತಿತು. “ಓಟಿಸ್, ಏಳು. ಎದುರಿನ ಹೋಟೆಲಿಗೆ ಹೋಗಿ ಪೈ ತಿನ್ನೋಣ,” ಎಂದ.

“ನನಗೆ ಹಸಿವಿಲ್ಲ.”

“ನಿನಗೆ ಹಸಿವಿದೆ. ಏಳು.”

ಬಾಗಿಲ ಗಂಟೆ ಸದ್ದು ಮಾಡಿ ಸುಮ್ಮನಾಯಿತು. ಆರ್ಲೀನ್ ಹಳೆಯ ದಾರ ಕಿತ್ತು, ಹೊಸದನ್ನು ಪೋಣಿಸಿದಳು. ಒಂದೂವರೆ ಗಂಟೆಯ ಕೆಲಸ. ಅವಳಿಗೆ ಅದೊಂದೇ ಗೊತ್ತಿತ್ತು, ಅದನ್ನೇ ಮಾಡತೊಡಗಿದಳು. ಗ್ರೇಡಿ ಕಟ್ಟೆಗೆ ಮೊಣಕೈ ಊರಿ ಅವಳ ಬೆರಳುಗಳನ್ನೇ ನೋಡುತ್ತಿದ್ದ.

ಗಡಿಯಾರ ಹನ್ನೆರಡೂವರೆ ಆಯಿತು. ಆರೇ ಹೊಲಿಗೆ ಉಳಿದಿದ್ದವು. ಅವಳು ಮೂರು ಹಾಕಿದಳು. ನಿಂತಳು. ದಬ್ಬಳದ ತುದಿಯಿಂದ ಆ ಮೂರನ್ನೂ ಬಿಚ್ಚಿದಳು.

“ಅದು ಸರಿಯಾಗೇ ಇತ್ತು,” ಎಂದ ಗ್ರೇಡಿ.

“ಇರಲಿಲ್ಲ.”

“ಹದಿಮೂರು ವರ್ಷದಿಂದ ಇದೇ ಗ್ಲೌಸ್ ಹಾಕ್ತಿದೀನಿ, ಆರ್ಲೀನ್. ಸರಿಯಾಗೇ ಇತ್ತು.”

ಅವಳ ಕೈ ನಿಂತಿತು. ತಲೆ ಎತ್ತಲಾಗಲಿಲ್ಲ. ಎತ್ತಿದರೆ ಅಳು ಚೆಲ್ಲುತ್ತಿತ್ತು.

“ಬೇಡ ಅನ್ನು,” ಎಂದ ಅವನು, ಪಿಸುಮಾತಿನಲ್ಲಿ. “ಒಂದೇ ಮಾತು. ಹೋಗಬೇಡ ಅಂದ್ರೆ ಹೋಗಲ್ಲ. ಧಾನ್ಯದ ಗೋದಾಮಿನಲ್ಲಿ ಮೂಟೆ ಹೊರ್ತೀನಿ.”

“ಮೂಟೆ ಹೊತ್ಕೊಂಡು ಸಂಜೆ ರೇಡಿಯೋ ಕೇಳ್ತೀಯ. ಶಿಕಾಗೋದಲ್ಲಿ ಇನ್ಯಾರೋ ನಿನ್ನ ಜಾಗದಲ್ಲಿ ಕೂತಿರ್ತಾನೆ. ಅವತ್ತು ನೀನು ನನ್ನ ಮುಖ ಹೇಗೆ ನೋಡ್ತೀಯ?”

“ನನ್ನ ಜೊತೆ ಬಾ ಅಂತ ಕರೆಯೋ ಹಾಗೂ ಇಲ್ಲ. ಮುಂದಿನ ತಿಂಗಳು ನಾನು ಯಾವ ಊರಲ್ಲಿರ್ತೀನೋ ನನಗೇ ಗೊತ್ತಿಲ್ಲ. ಎಲ್ಲಿಗೆ ಕರೀಲಿ ಹೇಳು?” ಅವಳ ಕೈಯಲ್ಲಿದ್ದ ಗ್ಲೌಸನ್ನು ಮುಟ್ಟಿದ. “ನನ್ನದು ಅನ್ನೋಕೆ ಈ ಗ್ಲೌಸು ಒಂದೇ.”

ಬಿಚ್ಚಿದ ಮೂರು, ಉಳಿದ ಮೂರು, ಆರೂ ಹೊಲಿಗೆಗಳನ್ನು ಒಂದರ ಹಿಂದೊಂದು ಹಾಕಿದಳು. ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಯಾವುದನ್ನೂ ಹೊಲಿದಿರಲಿಲ್ಲ. ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಗ್ಲೌಸನ್ನು ಅವನ ಎಡಗೈಗೆ ತಾನೇ ತೊಡಿಸಿದಳು.

ಬಸ್ ನಿಲ್ದಾಣಕ್ಕೆ ನಾಲ್ಕೂ ಜನ ನಡೆದುಹೋದರು. ಕಾಸ್ಪರ್ ಸೂಟ್‌ಕೇಸ್ ಹೊತ್ತಿದ್ದ. ಓಟಿಸ್ ಏನನ್ನೂ ಹೊರದೆ ಏದುತ್ತಿದ್ದರು. ದಾರಿಯುದ್ದಕ್ಕೂ ಬೇಸ್‌ಬಾಲಿನ ಜಗಳ ಕೂಡ ಏಳಲಿಲ್ಲ.

ಡ್ರೈವರ್ ಎಂಜಿನ್ ಚಾಲೂ ಮಾಡಿದ. ಗ್ರೇಡಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಆಗ ಆರ್ಲೀನ್ ಅವನ ತೋಳು ಹಿಡಿದಳು.

“ಕೇಳು. ನಾನು ನಿನ್ನನ್ನ ಪ್ರೀತಿಸ್ತೀನಿ. ಮೇ ತಿಂಗಳಿಂದ. ಇದನ್ನ ತಗೊಂಡು ಹೋಗು, ಗ್ರೇಡಿ. ಬದಲಿಗೆ ಏನೂ ಬೇಡ. ಮಾತು ಕೊಡಬೇಡ, ನಿನ್ನ ಮಾತು ನಿನ್ನ ಕೈಲಿಲ್ಲ. ಸುಮ್ಮನೆ ತಗೊಂಡು ಹೋಗು.”

ಅವನು ಕೆಳಗಿಳಿದು ಅವಳನ್ನು ಅಪ್ಪಿಕೊಂಡ. ಮುರಿದ ಮೂಗು ಅವಳ ಕೂದಲಲ್ಲಿ ಹುದುಗಿತು. ಕಾಸ್ಪರ್ ಬಸ್ಸಿನ ಟೈರುಗಳನ್ನು ಬಹಳ ಆಸಕ್ತಿಯಿಂದ ನೋಡಿದ. ಡ್ರೈವರ್ ಹಾರ್ನ್ ಹೊಡೆದ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಗ್ರೇಡಿಯ ತೋಳುಗಳು ಸಡಿಲಾದವು. ಬಾಗಿಲು ಮುಚ್ಚಿತು.

ಬಸ್ ತಿರುವಿಗೆ ಬರುವಾಗ ಹಿಂದಿನ ಕಿಟಕಿ ಸರಿಯಿತು. ಗ್ರೇಡಿ ತಲೆ ಹೊರಹಾಕಿ ಏನೋ ಕೂಗಿದ. ಎಂಜಿನ್ ಸದ್ದಿನಲ್ಲಿ ಅದು ಮುಳುಗಿಹೋಯಿತು. ಆರ್ಲೀನ್ ನಾಲ್ಕು ಹೆಜ್ಜೆ ಓಡಿದಳು. ಆಮೇಲೆ ಅಲ್ಲಿ ಬರೀ ಹೊಗೆ.

“ಏನಂದ?” ಎಂದು ತಿರುಗಿದಳು. “ಏನು ಅಂದ ಅವನು?”

“ಬರೀತೀನಿ ಅಂದ,” ಎಂದ ಕಾಸ್ಪರ್.

“ಬರೀತೀನಿ ಅಲ್ಲ ಕಣಯ್ಯಾ, ಬರ್ತೀನಿ ಅಂದ,” ಎಂದರು ಓಟಿಸ್.

“ನಿನಗೆ ಹಡಗಿನ ಶಿಳ್ಳೆ ಕೇಳಿ ಕೇಳಿ ಕಿವಿ ಹೋಗಿದೆ. ಬರೀತೀನಿ!”

“ಬರ್ತೀನಿ! ನಾನು ಅವನ ಬಾಯಿ ನೋಡ್ದೆ!”

ಇಬ್ಬರೂ ಮನೆಯವರೆಗೆ ಜಗಳವಾಡಿದರು. ಮರುದಿನವೂ, ಅದರ ಮರುದಿನವೂ. ರೂತ್, ಕಾಬ್ ಎಲ್ಲ ಮರೆತುಹೋಗಿದ್ದರು. ಆರ್ಲೀನ್ ನಡುವೆ ಕೂತು ಬೂಟು ಹೊಲಿಯುತ್ತಿದ್ದಳು. ಒಮ್ಮೆ ಅಪ್ಪನ ಮಾತು ನಿಜವೆನಿಸುತ್ತಿತ್ತು, ಒಮ್ಮೆ ಓಟಿಸ್ ಅಂಕಲ್‌ದು. ಏನೂ ಅನಿಸದ ಹೊತ್ತು ಎಲ್ಲಕ್ಕಿಂತ ಭಾರ. ನಿಲ್ಲು ಅನ್ನಲಿಲ್ಲ, ಬಾ ಅನ್ನಲು ಆಗದು, ಮರೆ ಅಂದರೆ ಮನಸ್ಸು ಕೇಳದು.

ಆರನೇ ದಿನ ಟಕೋಮಾದಿಂದ ಕಾಗದ ಬಂತು. ಕಾಸ್ಪರ್ ಅದನ್ನು ತಲೆಯ ಮೇಲೆ ಹಿಡಿದು ಕುಣಿದ. “ನೋಡಿದ್ಯಾ? ಬರೀತೀನಿ ಅಂದ, ಬರೆದ! ಗೆದ್ದೆ ನಾನು!”

ಆರ್ಲೀನ್ ಅಪ್ಪನ ಕೈಯಿಂದ ಕಿತ್ತುಕೊಂಡು ಒಡೆದಳು. ದೊಡ್ಡ ದೊಡ್ಡ, ಓರೆಕೋರೆ ಅಕ್ಷರಗಳು.

“ಆರ್ಲೀನ್, ಬರ್ತೀನಿ ಅಂತ ಕೂಗಿದೆ. ಕೇಳಿಸಿತೋ ಇಲ್ಲವೋ ಅಂತ ಇಲ್ಲಿವರೆಗೂ ನಿದ್ದೆ ಇಲ್ಲ. ಯಾವಾಗ ಅನ್ನೋದು ನನ್ನ ಕೈಲಿಲ್ಲ. ಬರ್ತೀನಿ ಅನ್ನೋದು ಮಾತ್ರ ನನ್ನದು.”